ಚಿಲಕ ನಮ್ಮ ಕಡಿ

ಹೋದ ವರ್ಷದ ಬೇಸಿಗೆ. ಕಡಲೆ ಒಕ್ಕಣೆ ಮುಗಿದು ಹೊಲದಲ್ಲಿ ಕೆಲಸ ಕಡಿಮೆಯಾಗಿತ್ತು, ನನ್ನ ಪರೀಕ್ಷೆಯೂ ಮುಗಿದಿತ್ತು. ಧಾರವಾಡದ ಹಾಸ್ಟೆಲಿನಿಂದ ಬಟ್ಟೆ ಕಟ್ಟಿಕೊಂಡು ಊರಿಗೆ ಬಂದರೆ ಮನೆಯ ಮುಂದೆ ಉಸುಕಿನ ರಾಶಿ, ಟೈಲ್ಸಿನ ಡಬ್ಬಿ, ಸುಣ್ಣದ ವಾಸನೆ. ನಮ್ಮದು ಸವದತ್ತಿ ತಾಲೂಕು, ಚಚಡಿಗೆ ಹತ್ತಿರದ ಹಳ್ಳಿ. ಮನೆ ಹಳೆಯದು. ಮಣ್ಣಿನ ಮಾಳಿಗೆ, ಸಾಗವಾನಿ ಕಂಬಗಳು, ಆನೆ ಒರಗಿದರೂ ಅಲುಗದಂಥ ದಪ್ಪ ಗೋಡೆಗಳು. "ಕೆಡವಿ ಕಟ್ಟೂದು ಬ್ಯಾಡ, ಇದ್ದದ್ದನ್ನ ಛಂದ ಮಾಡೂಣು" ಎಂದು ಅಣ್ಣ ಅಪ್ಪನನ್ನು ಒಪ್ಪಿಸಿದ್ದ.

ನಾನು ಬರುವ ಹೊತ್ತಿಗೆ ಪಡಸಾಲೆಯ ಕೆಲಸ ಬಹುತೇಕ ಆಗಿತ್ತು. ನೆಲಕ್ಕೆ ಟೈಲ್ಸ್ ಬಂದಿದ್ದವು. ಗೋಡೆಗೆ ಕೆನೆಬಣ್ಣ, ಪಕ್ಕದ ಗೋಡೆಗೆ ದೊಡ್ಡ ಟೀವಿ, ಹಿಂದಿನ ಗೋಡೆಗೆ ಹೊಸ ಫ್ಯಾನು. ಬೀದಿ ಬಾಗಿಲ ಹತ್ತಿರ ಅಜ್ಜನ ಕುರ್ಚಿ. ನನ್ನ ಬಹುಮಾನದ ಢಾಲುಗಳಿಗಾಗಿ ಗೋಡೆಯಲ್ಲಿದ್ದ ಹಳೆಯ ಮಾಡಕ್ಕೆ ಗಾಜಿನ ಬಾಗಿಲು ಕೂಡಿಸಿದ್ದರು. ಇದನ್ನು ಹೇಳಲು ಕಾರಣವಿದೆ. ನಾನು ಚರ್ಚಾ ಸ್ಪರ್ಧೆಯಲ್ಲಿ ಪಳಗಿದವಳು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಎತ್ತಿದ ಮೇಲೆ ಅದೇ ಸತ್ಯ ಎಂಬಂತೆ ಮಾತಾಡಬೇಕು. ಮನೆಯಲ್ಲೂ ನನಗೆ ಅದೇ ಚಾಳಿ. ಅಜ್ಜ ನನ್ನನ್ನು ಕರೆಯುವುದೇ "ವಕೀಲವ್ವ" ಎಂದು. ಆತನ ಎದುರು ಕಾಲ ಮೇಲೆ ಕಾಲು ಹಾಕಿ ಕುಳಿತು ವಾದಿಸುವ ಹೆಣ್ಣು ಆ ಪಡಸಾಲೆಯಲ್ಲಿ ನಾನೊಬ್ಬಳೇ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಒಬ್ಬಳೇ ಯಾಕೆ ಎಂದು ಮಾತ್ರ ಯೋಚಿಸಿರಲಿಲ್ಲ.

ಪಡಸಾಲೆಯ ಹಿಂದಿನ ಗೋಡೆ ದಾಟಿದರೆ ಅಡಿಗೆಮನೆ. ಅಲ್ಲಿ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಕಿಟಕಿ ಇಲ್ಲ, ಫ್ಯಾನು ಇಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ, ಅದರಿಂದ ಬೀಳುವ ತಟ್ಟೆಯಗಲದ ಬಿಸಿಲು ಹೊತ್ತೇರಿದಂತೆ ನೆಲದ ಮೇಲೆ ಸರಿದುಹೋಗುತ್ತದೆ. ಜೋಳ ಹಸನು ಮಾಡಲು ಕುಳಿತರೆ ಅವ್ವ ಮೊರ ಹಿಡಿದುಕೊಂಡು ಆ ಬಿಸಿಲಿನ ಹಿಂದೆಯೇ ಸರಿಯುತ್ತಾಳೆ. ಪಡಸಾಲೆ ಹೀಗೆ ಥಳಥಳ, ಅಡಿಗೆಮನೆ ಹಾಗೆ ಕತ್ತಲು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ನಿನಗೇನ ಬೇಕು ಹೇಳು. ನಾ ಮಾಡಸ್ತೇನಿ" ಎಂದೆ.

"ನಂದೇನೈತಿ ತಂಗಿ, ನಿಮಗ ಛಲೋ ಅನಿಸಿದ್ದ ಮಾಡ್ರಿ" ಎಂದಳು ಅವ್ವ, ಒಲೆ ಕಡೆಯಿಂದ ಕಣ್ಣು ತೆಗೆಯದೆ.

ಈ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತದೆ. ತನಗೇನು ಬೇಕು ಎಂದು ಹೇಳುವ ಅಭ್ಯಾಸವನ್ನೇ ಈ ಮನೆ ಆಕೆಯಿಂದ ಕಸಿದುಕೊಂಡಿದೆ, ಹಾಗಾದರೆ ಆಕೆಯ ಪರವಾಗಿ ನಾನೇ ಹೇಳಬೇಕು ಎಂದು ತೀರ್ಮಾನಿಸಿದೆ. ಬೇಕಾದ್ದೂ ಹೊಳೆದುಬಿಟ್ಟಿತು. ಪಡಸಾಲೆಗೂ ಅಡಿಗೆಮನೆಗೂ ನಡುವಿನ ಗೋಡೆಯನ್ನು ತೆಗೆದುಹಾಕುವುದು. ಈಗ ಎಲ್ಲ ಕಡೆ ಮಾಡುತ್ತಾರಲ್ಲ, ಓಪನ್ ಕಿಚನ್. ಮೊಬೈಲಿನಲ್ಲಿ ಫೋಟೋ ಕೂಡಿಟ್ಟುಕೊಂಡೆ. ಗೌಂಡಿ ಹುಸೇನಸಾಬರನ್ನು ಕೇಳಿದೆ. "ಮಾಳಗಿ ಭಾರ ಎಲ್ಲಾ ಕಂಬದ ಮ್ಯಾಲ ಐತ್ರಿ. ಆ ಗ್ವಾಡಿ ಏನೂ ಹೊತ್ತಿಲ್ಲ, ಬರೇ ಅಡ್ಡ ನಿಂತೈತಿ" ಎಂದರು. ಬರೇ ಅಡ್ಡ ನಿಂತ ಗೋಡೆ! ನನಗೆ ಇನ್ನೇನು ಬೇಕಿತ್ತು?

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಹೀಗಾಗಿ ಗಂಡಸರೆಲ್ಲ ಮನೆಯಲ್ಲೇ ಇದ್ದರು. ಮುಂಜಾನೆ ಚಹಾದ ಹೊತ್ತಿಗೆ ಮಾತು ತೆಗೆದೆ.

ಅಪ್ಪನ ಮೊದಲ ಆಕ್ಷೇಪ: "ಗ್ವಾಡಿ ತಗದ್ರ ಒಗ್ಗರಣಿ ಘಾಟು ಪಡಸಾಲಿಗೆ ಬರತೈತಿ."

"ಈಗ ಅದು ಎಲ್ಲಿಗೆ ಹೋಗಾಕ ಹತ್ತೈತಿ? ಅವ್ವನ ಮೂಗಿಗೆ. ಆಕಿ ಮೂಗು ಮೂಗಲ್ಲೇನು?" ಎಂದೆ.

"ಮಂದಿ ಬಂದಾಗ ಭಾಂಡೆ ಎಲ್ಲಾ ಕಾಣತಾವ" ಎಂದ ಅಜ್ಜ.

"ಕಾಣಲಿ. ಕದ್ದ ತಂದ ಭಾಂಡೆ ಏನಲ್ಲ."

ಅಣ್ಣ ವಾಸ್ತು ಎಂದು ಶುರು ಮಾಡಿದ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದನಂತೆ, ಒಲೆಯ ಮೂಲೆ ಬಯಲಾದರೆ ಮನೆಗೆ ಆಗಿಬರುವುದಿಲ್ಲವಂತೆ. "ಫ್ಯಾನ್ ಇಲ್ಲದ ಕ್ವಾಣ್ಯಾಗ ಹೆಣಮಕ್ಕಳನ್ನ ಬೇಯಸಾಕ ಯಾವ ಮೂಲಿ ಛಲೋ ಅಂತ ಹೇಳ್ಯಾರೇನು ಅವ್ರು?" ಎಂದೆ. ಅಣ್ಣ ಚಹಾ ಕುಡಿಯತೊಡಗಿದ.

ಕೊನೆಗೆ ಎದ್ದು ನಿಂತು, ಸ್ಪರ್ಧೆಯಲ್ಲಿ ಮುಕ್ತಾಯದ ಮಾತಿಗೆ ದನಿ ಇಳಿಸುವಂತೆಯೇ ಇಳಿಸಿ ಹೇಳಿದೆ: "ಅಜ್ಜಾ, ಅವ್ವ ಲಗ್ನ ಆಗಿ ಬಂದಾಗಿಂದ ಈ ಮನ್ಯಾಗ ಟೀವಿ ಕೇಳ್ಯಾಳ, ನೋಡಿಲ್ಲ."

ಅಜ್ಜ ಕೋಲಿನ ತುದಿಯನ್ನೇ ನೋಡುತ್ತ ಕುಳಿತ. ಆಮೇಲೆ, "ಒಡೀರಿ ಹಂಗಾರ. ನಮ್ಮ ವಕೀಲವ್ವ ಬಿಡಾಕಿಲ್ಲ" ಎಂದ.

ಒಳಬಾಗಿಲ ಪರದೆಯ ಹಿಂದೆ ಬಳೆ ಸದ್ದಾಯಿತು. ಅವ್ವ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಏನೂ ಅನ್ನಲಿಲ್ಲ. ನಮ್ಮ ಸ್ಪರ್ಧೆಗಳಲ್ಲಿ ಎದುರಿನವರು ಉತ್ತರಿಸದ ವಾದವನ್ನು ಅವರು ಒಪ್ಪಿಕೊಂಡಂತೆ ಎಂದು ಲೆಕ್ಕ. ನಾನೂ ಹಾಗೆಯೇ ಲೆಕ್ಕ ಹಾಕಿದೆ.

ಎರಡು ದಿನ ಬಿಟ್ಟು ಹುಸೇನಸಾಬರು ಸುತ್ತಿಗೆ, ಚಾಣ ಹಿಡಿದು ಬಂದರು. ಫ್ಯಾನು ಬಿಚ್ಚಿಟ್ಟು, ಪಡಸಾಲೆ ಕಡೆಯಿಂದ ಗೋಡೆಗೆ ಗುರುತು ಹಾಕಿಕೊಂಡು, "ಎರಡೂ ಮಗ್ಗಲಿಗೆ ಕಲ್ಲು, ನಡುವ ಮಣ್ಣ ಐತ್ರಿ. ಆ ಕಡಿ ಕಾಣಬೇಕಂದ್ರ ಮಧ್ಯಾಹ್ನ ಆಗತೈತಿ" ಎಂದರು. ಅವ್ವ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ ಸವಿತಾ, ಅಷ್ಟರೊಳಗೆ ಭಾಂಡೆಗಳನ್ನೆಲ್ಲ ಹಿತ್ತಲಿಗೆ ಸಾಗಿಸಬೇಕಿತ್ತು. ನಾನು ಅಜ್ಜನ ಪಕ್ಕ ನಿಂತು ಗೆದ್ದ ವಾದ ಗೋಡೆಯಿಂದ ಪುಡಿಪುಡಿಯಾಗಿ ಉದುರುವುದನ್ನು ನೋಡುತ್ತಿದ್ದೆ.

ಮಧ್ಯಾಹ್ನದವರೆಗೆ ಕಾಯಬೇಕಾಗಲಿಲ್ಲ. ಎದೆಯ ಎತ್ತರದಲ್ಲಿ ಒಂದು ಉದ್ದ ಕಲ್ಲು ಈ ಮಗ್ಗುಲಿಂದ ಆ ಮಗ್ಗುಲಿಗೆ ಅಡ್ಡ ಕೂತಿತ್ತು. ಹುಸೇನಸಾಬರು ಅದರ ಸುತ್ತ ಬಿಡಿಸಿ ಒಮ್ಮೆ ಎಳೆದದ್ದೇ ತಡ, ಸುತ್ತಲಿನ ಮಣ್ಣು ಕಲ್ಲುಗಳ ಸಮೇತ ಹೊರಬಂತು. ಮೊರದಗಲದ ಒಂದು ತೂತು. ಧೂಳು ಇಳಿಯಿತು. ಪಡಸಾಲೆಯ ಬೆಳಕು ಮೊದಲ ಸಲ ನೇರವಾಗಿ ಅಡಿಗೆಮನೆಯೊಳಗೆ ಬಿತ್ತು.

ಒಳಗೆ ಅವ್ವ ಸೊಂಟಕ್ಕೆ ಸೆರಗು ಸಿಗಿಸಿ, ಬರಿ ತಲೆಯಲ್ಲಿ, ಕೈಯಲ್ಲಿ ಲಟ್ಟಣಿಗೆಯನ್ನು ಕೋಲಿನಂತೆ ಊರುತ್ತ ನಡೆಯುತ್ತಿದ್ದಳು. ಎರಡು ಹೆಜ್ಜೆ, ಒಂದು ಕೆಮ್ಮು. ಮತ್ತೆರಡು ಹೆಜ್ಜೆ, "ಹ್ಹೂಂ, ಚಾ ಆತೇನು?" ಥೇಟ್ ಅಜ್ಜ! ಆ ಬಗ್ಗಿದ ಬೆನ್ನು, ಆ ಮೀಸೆ ತಿರುವುವ ಎಡಗೈ ಕೂಡ. ವೈನಿ ನೈಟಿಯಲ್ಲಿ ಗೋಡೆಗೆ ಒರಗಿ, ಎರಡೂ ಕಾಲು ಚಾಚಿ, ನಕ್ಕು ನಕ್ಕು ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು. ನನ್ನ ಅವ್ವ ಇಷ್ಟು ಚಂದ ನಕಲು ಮಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಆ ಮನೆಯಲ್ಲೇ ಹುಟ್ಟಿದವಳು ನಾನು.

ಆಕೆ ತಿರುಗಿದಳು. ತೂತಿನಲ್ಲಿ ನನ್ನ ಮುಖ, ನನ್ನ ಪಕ್ಕದಲ್ಲಿ ಅಜ್ಜನ ಮುಖ.

ಲಟ್ಟಣಿಗೆ ಕೆಳಗೆ ಬಿತ್ತು. ಸೆರಗು ಸೊಂಟದಿಂದ ಬಿಚ್ಚಿ ತಲೆಗೆ ಏರಿತು, ತಲೆ ಬಗ್ಗಿತು, ನಗು ಎಲ್ಲಿಗೋ ಹೋಯಿತು. ನನಗೆ ಗೊತ್ತಿದ್ದ ಅವ್ವ ಅಲ್ಲಿ ನಿಂತಿದ್ದಳು. ವೈನಿ ಆಗಲೇ ಹಿತ್ತಲಿಗೆ ಓಡಿದ್ದಳು.

ಸ್ವಲ್ಪ ಹೊತ್ತಿಗೆ ಪರದೆಯ ಹಿಂದಿನಿಂದ ಅವ್ವನ ದನಿ ಬಂತು. "ಶೈಲಾ, ಅವ್ರಿಗೆ ನಿಲ್ಲಸ್ರಿ ಅನ್ನು."

ಹುಸೇನಸಾಬರು ಚಾಣ ಕೆಳಗಿಟ್ಟರು. ನಾನು ಒಳಗೆ ಹೋದೆ. ಸಿಟ್ಟಿನಿಂದಲೇ ಹೋದೆ, ಸುಳ್ಳು ಯಾಕೆ ಹೇಳಲಿ.

"ಅವ್ವಾ, ನಿನ್ನ ಸಲುವಾಗಿ ಅಷ್ಟ ಮಂದಿ ಕೂಡ ಜಗಳಾಡೇನಿ. ಈಗ ನಿಲ್ಲಸು ಅಂದ್ರ?"

"ನನ್ನ ಸಲುವಾಗಿ ಜಗಳಾಡು ಅಂತ ನಾ ಅಂದಿದ್ನೇನು?"

"ಬ್ಯಾಡ ಅಂತಾದ್ರೂ ಅನ್ನಬೇಕಿತ್ತಿಲ್ಲ?"

"ಯಾರ ಕೇಳಿದ್ರು? ನೀ ಏನ ಬೇಕು ಅಂತ ಕೇಳಿದಿ. ಏನ ಇರ್ಲಿ ಅಂತ ಕೇಳಲಿಲ್ಲ." ಅವ್ವ ಬಿದ್ದ ಲಟ್ಟಣಿಗೆಯನ್ನು ಎತ್ತಿ ಸೆರಗಿನಿಂದ ಒರೆಸಿದಳು. "ನೀ ಮನಿ ಮಗಳು. ತಲಿ ಬಿಟಗೊಂಡ ಪಡಸಾಲ್ಯಾಗ ಕುಂಡ್ರತಿ, ಅಜ್ಜನ ಕೂಡ ವಾದ ಮಾಡತಿ. ನಾವು ಸೊಸ್ತ್ಯಾರು. ಆ ಪರದೆ ದಾಟಿದ್ರ ತಲಿ ಮ್ಯಾಲ ಸೆರಗ, ಬಾಯಾಗ ಸಣ್ಣ ಮಾತು. ಈ ಕ್ವಾಣ್ಯಾಗ ಅಷ್ಟ ಒಂದೀಟ ಮೈ ಬಿಟ್ಟ ಇರತೇವಿ. ಗ್ವಾಡಿ ತಗದ್ರ ಮುಂಜಾನಿಂದ ಸಂಜಿತನ ಒಲಿ ಮುಂದ ಸೆರಗ ಹೊತ್ತ ಬೇಯಬೇಕು."

ಹಿತ್ತಲ ಬಾಗಿಲಿನಿಂದ ವೈನಿ ತಲೆ ಹಾಕಿದಳು. ನೈಟಿಯ ಮೇಲೆ ಸೀರೆ ಸುತ್ತಿಕೊಂಡು ಬಂದಿದ್ದಳು. "ಈಗಾದ್ರ ಅಜ್ಜಾರು ಕೆಮ್ಮಿ ಒಳಗ ಬರತಾರ, ನಾವು ಸೆರಗ ಹಾಕ್ಕೋತೇವಿ. ಗ್ವಾಡೀನ ಇಲ್ಲದ ಮ್ಯಾಲ ಅವ್ರು ಎಲ್ಲಿ ನಿಂತ ಕೆಮ್ಮಬೇಕು, ಬೀದ್ಯಾಗೇನು?" ಎಂದಳು. ಅವ್ವನಿಗೆ ನಗು ತಡೆಯಲಾಗಲಿಲ್ಲ.

ಆದರೆ ನಾನು ಅಷ್ಟಕ್ಕೇ ಬಿಡುವವಳಲ್ಲ. "ಹಂಗಾರ ತಪ್ಪು ಸೆರಗಿಂದು, ಗ್ವಾಡಿದಲ್ಲ. ಸೆರಗಿನ ರೂಢೀನ ಬಿಡಬೇಕು. ಗ್ವಾಡಿ ಉಳಿಸಿಕೊಂಡ್ರ ನೀವು ಅದನ್ನ ಒಪ್ಪಿಕೊಂಡಂಗ ಆಗತೈತಿ" ಎಂದೆ. ಈಗಲೂ ಹೇಳುತ್ತೇನೆ, ಈ ವಾದದಲ್ಲಿ ಹುಳುಕಿಲ್ಲ.

ಅವ್ವ ನನ್ನನ್ನು ಸಮಾಧಾನದಿಂದ ನೋಡಿದಳು. "ಖರೆ ಐತಿ. ಅದನ್ನ ಮೊದಲ ಗೆಲ್ಲು. ಗೆದ್ದ ಮ್ಯಾಲ ಗ್ವಾಡಿ ಒಡಿ. ನೀ ಗ್ವಾಡಿ ಒಡದು, ಆಮ್ಯಾಲ ಧಾರವಾಡಕ್ಕ ಹ್ವಾದ್ರ ಇಲ್ಲಿ ಇರಾಕಿ ನಾನು."

ಸರಿ, ಅದನ್ನೇ ಮೊದಲು ಗೆಲ್ಲುತ್ತೇನೆ ಎಂದುಕೊಂಡೆ. ಹಾಗಾಗಿ ನೇರ ಅಜ್ಜನ ಹತ್ತಿರ ಹೋದೆ. ಆತ ತನ್ನ ಕುರ್ಚಿಯಲ್ಲಿ, ಆ ತೂತಿನ ಕಡೆಗೇ ಮುಖ ಮಾಡಿ ಕುಳಿತಿದ್ದ. ನಾನು ಬಾಯಿ ತೆರೆಯುವ ಮೊದಲೇ ಕೇಳಿದ:

"ನಾ ಹಂಗ ನಡೀತೇನೇನು?"

"ಹಂಗ ನಡೀತಿ."

"ಕೆಮ್ಮೂದೂ ಹಂಗ?"

"ಥೇಟ್ ಹಂಗ."

ಅಜ್ಜ ಮೀಸೆಯೊಳಗೆ ಏನೋ ಗೊಣಗಿದ. ಸಿಟ್ಟೋ ನಗುವೋ ತಿಳಿಯಲಿಲ್ಲ. ನಾನು ಕೇಳಿದೆ: "ಅಜ್ಜಾ, ಸೆರಗ ಹೊದಕೋ ಅಂತ ಅವ್ವಗ ನೀ ಯಾವಾಗರ ಹೇಳಿಯೇನು?"

"ನಾ ಯಾಕ ಹೇಳ್ಲಿ? ನಮ್ಮವ್ವ ಹೊದಕೋತಿದ್ಲು, ನಿಮ್ಮಜ್ಜಿ ಹೊದಕೊಂಡ್ಲು, ಈಕೀನೂ ಹೊದಕೊಂಡ್ಲು."

"ಅಂದ್ರ ಯಾರೂ ಹೇಳಿಲ್ಲ. ಈಗ ಬ್ಯಾಡ ಅಂತ ನೀ ಹೇಳಿಬಿಡು."

"ಹೇಳಿದ್ರ ಬಿಡತಾಳೇನು? ಕೇಳ್ಕೊಂಡ ಬಾ."

ಪರದೆಯ ಹಿಂದಿನಿಂದಲೇ ಉತ್ತರ ಬಂತು. "ಹೇಳಿದ ಕೂಡ್ಲೆ ಬಿಡಾಕ ಅದೇನ ಕಾಲಾಗಿನ ಚಪ್ಪಲಿ ಅಲ್ಲ, ಶೈಲಾ."

ಆಜ್ಞೆ ಕೊಟ್ಟವರಿಲ್ಲ, ಹಿಂದಕ್ಕೆ ತೆಗೆದುಕೊಂಡರೂ ಪ್ರಯೋಜನವಿಲ್ಲ. ಇಂಥ ನಿಯಮದ ವಿರುದ್ಧ ಯಾರೆದುರು ವಾದಿಸುವುದು? ನಾನು ಪಡಸಾಲೆಯ ನಟ್ಟನಡುವೆ ನಿಂತಿದ್ದೆ. ಗೋಡೆಯಲ್ಲಿ ತೂತು, ಹೊಸ ಟೈಲ್ಸಿನ ಮೇಲೆ ಮಣ್ಣು.

ಅಣ್ಣ ಬಂದು ನೋಡಿ ತಲೆ ಚಚ್ಚಿಕೊಂಡ. "ಮುಚ್ಚಸ್ರಿ ಅದನ್ನ. ಕೆನಿಬಣ್ಣ ಮತ್ತೊಮ್ಮಿ ಹೊಡಸ್ಬೇಕೀಗ" ಎಂದ. ಹುಸೇನಸಾಬರು ಕಲ್ಲಿಗೆ ಕೈ ಹಾಕಿದರು.

ಆಗ ಅವ್ವ ಪರದೆ ಸರಿಸಿ ಹೊರಗೆ ಬಂದಳು. ತಲೆಯ ಮೇಲೆ ಸೆರಗಿತ್ತು. ಆದರೆ ಬಂದು ನಿಂತದ್ದು ಪಡಸಾಲೆಯೊಳಗೆ, ಅಜ್ಜ, ಅಪ್ಪ, ಅಣ್ಣ ಎಲ್ಲರ ನಡುವೆ. ತೂತಿನ ಹತ್ತಿರ ಹೋಗಿ ಬಗ್ಗಿ ನೋಡಿದಳು, ಈ ಕಡೆಯಿಂದ ತನ್ನ ಅಡಿಗೆಮನೆ ಹೇಗೆ ಕಾಣುತ್ತದೆ ಎಂದು. ಒಳಗೆ ನೆಲದ ಮೇಲೆ ಬಿದ್ದಿದ್ದ ಬೆಳಕನ್ನು ಬಹಳ ಹೊತ್ತು ನೋಡಿದಳು. ಅಲ್ಲಿಂದ ಟೀವಿ ಕಾಣುತ್ತದೋ ಎಂದು ಒಮ್ಮೆ ತಲೆ ಓರೆ ಮಾಡಿದಳು.

"ಮುಚ್ಚಬ್ಯಾಡ್ರಿ. ಇಲ್ಲಿ ಒಂದ ಕಿಡಕಿ ಮಾಡ್ರಿ. ಕದಾ ಇರ್ಲಿ. ಕಂಡಿ ಇಲ್ಲದ ಕದಾ, ಕಟಗೀದು. ಚಿಲಕ ನಮ್ಮ ಕಡಿ ಇರ್ಲಿ" ಎಂದಳು.

ಹುಸೇನಸಾಬರು ಅಪ್ಪನ ಮುಖ ನೋಡಿದರು. ಅಪ್ಪ ಅಜ್ಜನ ಮುಖ ನೋಡಿದ. ಅಜ್ಜ ಮಾಳಿಗೆ ನೋಡಿದ. ಕೊನೆಗೆ ಹುಸೇನಸಾಬರು ಅವ್ವನನ್ನೇ ಕೇಳಿದರು: "ಪಡಸಾಲಿ ಕಡಿನೂ ಒಂದ ಚಿಲಕ ಇರ್ಲೇನ್ರಿ ಅಕ್ಕಾರ?"

"ಬ್ಯಾಡ್ರಿ" ಎಂದಳು ಅವ್ವ. ಮತ್ತೆ ಪರದೆಯ ಹಿಂದೆ ಹೋದಳು.

ಅಟ್ಟದ ಮೇಲಿದ್ದ ಹಳೆಯ ಕಪಾಟಿನ ಬಾಗಿಲನ್ನು ಕೊಯ್ದು ಊರಿನ ಬಡಿಗ ಎರಡು ಕದ ಮಾಡಿಕೊಟ್ಟ. ಒಳಗಡೆ ಕಿಟಕಿಯ ಬುಡಕ್ಕೆ ಕೂಡಲು ಬರುವಂತೆ ಒಂದು ಸಣ್ಣ ಕಟ್ಟೆ ಬೇಕೆಂದು ಅವ್ವ ಹೇಳಿದಳು. ಒಮ್ಮೆ ಬಾಯಿ ತೆರೆದ ಮೇಲೆ ಆಕೆ ನಿಲ್ಲಿಸಲಿಲ್ಲ ನೋಡಿ. ಹೊಗೆ ಎಳೆಯುವ ಫ್ಯಾನು ಹಿತ್ತಲ ಗೋಡೆಗೆ, ಬಿಳಿ ಸುಣ್ಣ, ಕೈಗೆಟುಕುವಷ್ಟು ಕೆಳಗೆ ಒಂದು ಹಲಗೆ. ವೈನಿ ಮೊಬೈಲು ಚಾರ್ಜಿಗೆ ಹಾಕಲು ಒಂದು ಜಾಗ ಕೇಳಿದಳು, ಅದೂ ಆಯಿತು. ನಾನು ಕೂಡಿಟ್ಟ ಫೋಟೋಗಳಲ್ಲಿ ಇಂಥ ಅಡಿಗೆಮನೆ ಒಂದೂ ಇರಲಿಲ್ಲ.

ಈಗ ಅವ್ವ ಸಂಜೆ ಆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಕದವನ್ನು ನಾಲ್ಕು ಬೆರಳಷ್ಟು ತೆರೆದು ಟೀವಿ ನೋಡುತ್ತಾಳೆ. ಆಕೆಗೆ ಟೀವಿ ಕಾಣುತ್ತದೆ, ಪಡಸಾಲೆಯಲ್ಲಿ ಕುಳಿತವರಿಗೆ ಆಕೆ ಕಾಣುವುದಿಲ್ಲ. ಆ ಕೋನವನ್ನು ಅಂದು ತಲೆ ಓರೆ ಮಾಡಿದಾಗಲೇ ಲೆಕ್ಕ ಹಾಕಿದ್ದಳು. ಅಜ್ಜ ಚಹಾ ಬೇಕಾದರೆ ಈಗ ಕೆಮ್ಮುವುದಿಲ್ಲ, ಕೋಲಿನಿಂದ ಕದ ತಟ್ಟುತ್ತಾನೆ. ಅವ್ವನಿಗೆ ಮನಸ್ಸಿದ್ದರೆ ತೆರೆಯುತ್ತಾಳೆ, ಇಲ್ಲದಿದ್ದರೆ "ಕುದೀಬೇಕರಿ ಇನ್ನ" ಎಂಬ ದನಿ ಮಾತ್ರ ಬರುತ್ತದೆ. ಸೋಮವಾರ ಹೊಲ ಮನೆ ಎಂದು ವಾದ ಬಿದ್ದಾಗ ಒಮ್ಮೊಮ್ಮೆ ಆ ಕದ ಧಡಕ್ಕನೆ ತೆರೆಯುತ್ತದೆ. ಅವ್ವ ಒಂದೇ ಒಂದು ಮಾತು ಹೇಳಿ ಮುಚ್ಚುತ್ತಾಳೆ. ಚಿಲಕದ ಸದ್ದಾಗುತ್ತದೆ. ಇಷ್ಟು ವರ್ಷ ವೇದಿಕೆ ಹತ್ತಿದ ನನಗೆ ಅಂಥ ಮುಕ್ತಾಯ ಇನ್ನೂ ಸಿದ್ಧಿಸಿಲ್ಲ.

ನಾನು ಬದಲಾಗಿಬಿಟ್ಟೆ ಎಂದು ತಿಳಿಯಬೇಡಿ. ಸೆರಗಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅಂದಿನದೇ. ಆ ಕಿಟಕಿ ಬಿಡುಗಡೆ ಎಂದು ಯಾರಾದರೂ ಹೊಗಳಿದರೆ ಅವರ ಜೊತೆಗೂ ವಾದಿಸುತ್ತೇನೆ. ಆದರೆ ಈಗ ಯಾರ ಪರವಾಗಿಯಾದರೂ ಮಾತಾಡಲು ಏಳುವ ಮುಂಚೆ, ಅವರು ನಗುವುದನ್ನು ನಾನು ಎಂದಾದರೂ ನೋಡಿದ್ದೇನೆಯೇ ಎಂದು ಒಂದು ಕ್ಷಣ ಯೋಚಿಸುತ್ತೇನೆ. ನೋಡಿಲ್ಲವಾದರೆ ಚೀಟಿ ಎತ್ತುವುದಿಲ್ಲ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಮುಂಜಾನೆ ಎದ್ದು ಪಡಸಾಲೆಗೆ ಬಂದರೆ ಕಿಟಕಿಯ ಎರಡೂ ಕದ ಪೂರ್ತಿ ತೆರೆದಿದ್ದವು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಸೆರಗು ಹೆಗಲ ಮೇಲಿತ್ತು, ಬೆವರಿದ ಕೂದಲು ಗಾಳಿಗೆ ಆರುತ್ತಿತ್ತು. ನಾನು ಗಾಬರಿಯಿಂದ ಅಜ್ಜನ ಕಡೆ ನೋಡಿದೆ. ಯಾವಾಗಲೂ ಒಳಗಡೆಗೆ ಮುಖ ಮಾಡಿರುತ್ತಿದ್ದ ಅಜ್ಜನ ಕುರ್ಚಿ ಬೀದಿಯ ಕಡೆಗೆ ತಿರುಗಿತ್ತು. ಆತ ಕಿಟಕಿಗೆ ಬೆನ್ನು ಹಾಕಿ, ಮುಖದ ಮೇಲೆ ಬೀಳುವ ಎಳೆಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಪೇಪರು ಓದುತ್ತಿದ್ದ.

"ಅಜ್ಜಾ, ಕುರ್ಚಿ ಯಾಕ ತಿರುವಿದಿ?" ಎಂದು ಕೇಳಿದೆ.

"ಈ ಕಡಿ ಗಾಳಿ ಛಲೋ ಬರತೈತಿ" ಎಂದ.

ಫ್ಯಾನು ಆತನ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಬೀದಿಯ ಬೇವಿನ ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇಷ್ಟು ಸುಲಭವಾಗಿ ಉರುಳಿಸಬಹುದಾದ ವಾದ ನನ್ನ ಎದುರು ಎಂದೂ ಬಂದಿರಲಿಲ್ಲ.

"ಹೌದು ಅಜ್ಜಾ, ಛಲೋ ಬರಾಕ ಹತ್ತೈತಿ" ಎಂದೆ.